ಹಸಿಯದೆ ಕೊಡಬೇಡಿ

ಎರಡು ವರ್ಷ ನಾನು ಬೆಳಿಗ್ಗೆ ಎದ್ದು ಮೊದಲು ಮಾಡಿದ ಕೆಲಸ ನೆಲ ಒರೆಸುವುದು. ಮುಖ ತೊಳೆಯುವ ಮೊದಲೇ ಹಿಂಬಾಗಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು, ನಾಯಿಯ ಹೊಟ್ಟೆಯಿಂದ ಬಿದ್ದದ್ದನ್ನು ಹಳೆಯ ಪೇಪರಿನಲ್ಲಿ ಬಳಿದು, ಫಿನಾಯಿಲ್ ಹಾಕಿ, ಎರಡು ಸಲ ನೀರು ಬದಲಿಸಿ ಒರೆಸಬೇಕು. ಆಮೇಲೆ ಅವನ ಬೆನ್ನಿಗೆ ಮುಲಾಮು. ಕೆರೆದುಕೊಂಡು ಕೆರೆದುಕೊಂಡು ಅವನು ರಕ್ತ ಬರಿಸಿಕೊಂಡಿರುತ್ತಿದ್ದ. ಇದೆಲ್ಲ ಮುಗಿಸಿ ಏಳುವಾಗ ಮೊಣಕಾಲು ಕಟಕಟ ಅನ್ನುತ್ತಿತ್ತು. ದಿನ ಶುರುವಾಗುವ ಮೊದಲೇ ನನಗೆ ದಿನ ಸಾಕಾಗಿರುತ್ತಿತ್ತು.

ನಾನು ಗೇಟು, ಕಿಟಕಿಯ ಗ್ರಿಲ್ಲು ಮಾಡುವವನು. ವೆಲ್ಡಿಂಗ್ ಕೆಲಸ. ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಶೆಡ್ಡು ಇದೆ. ನಾಯಿಗೆ ಈಗ ಹತ್ತು ವರ್ಷ. ಅದರಲ್ಲಿ ಎಂಟು ವರ್ಷ ಅವನು ನನ್ನ ಜೊತೆ ಶೆಡ್ಡಿಗೆ ಬಂದವನು. ಸರಳಿನ ರಾಶಿಯ ಪಕ್ಕ ಮಲಗಿ, ಎಲ್ಲರ ಕೆಲಸವನ್ನೂ ನೋಡುತ್ತ, ತಾನು ಮಾತ್ರ ಏನೂ ಮಾಡದೆ ಇರುತ್ತಿದ್ದ. ಅದಕ್ಕೇ ನಮ್ಮ ಪೇಂಟರ್ ಅವನಿಗೆ ಮೇಸ್ತ್ರಿ ಅಂತ ಹೆಸರಿಟ್ಟ. ಅದೇ ಹೆಸರು ಉಳಿದುಹೋಯಿತು. ಹೊಟ್ಟೆ ಕೆಟ್ಟ ಮೇಲೆ ಕರೆದುಕೊಂಡು ಹೋಗುವುದು ಬಿಟ್ಟೆ. ಗೇಟು ನೋಡಲು ಬಂದ ಗಿರಾಕಿ ಮೂಗು ಮುಚ್ಚಿಕೊಂಡು ನಿಂತರೆ ವ್ಯಾಪಾರ ಮಾಡುವುದು ಹೇಗೆ?

ಹೆಂಡತಿ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಅವಳಿಗೆ ನಾಯಿಯ ಮೇಲೆ ದ್ವೇಷವಿಲ್ಲ. ಆದರೆ ನಾಯಿ ಮಲಗುವ ಚಾದರ ಒಗೆಯುವವಳು ಅವಳು. ಒಂದು ಸಂಜೆ ಒಗೆದ ಕೈಯನ್ನು ಒರೆಸಿಕೊಳ್ಳುತ್ತ ಬಂದು, "ರೀ, ಕೂತ್ಕೊಳ್ಳಿ" ಅಂದಳು. ಅವಳು ಕೂತ್ಕೊಳ್ಳಿ ಅಂದರೆ ವಿಷಯ ಭಾರದ್ದು ಅಂತ ಅರ್ಥ.

"ನಿಂತೇ ಕೇಳ್ತೀನಿ, ಹೇಳು."

"ಆ ಪ್ರಾಣೀನ ಒಂದ್ಸಲ ಸರಿಯಾಗಿ ನೋಡಿ. ಬೆನ್ನಲ್ಲಿ ಕೂದಲಿಲ್ಲ, ಪಕ್ಕೆ ಎಲುಬು ಎಣಿಸಬಹುದು. ನೀವು ಅದನ್ನ ಉಳಿಸ್ತಿದ್ದೀರೋ, ದಿನಾ ಒಂಚೂರು ಸಾಯಿಸ್ತಿದ್ದೀರೋ?"

"ಔಷಧಿ ಹಾಕ್ತಾ ಇದ್ದೀನಲ್ಲ!"

"ಎರಡು ವರ್ಷದಿಂದ ಹಾಕ್ತಾನೇ ಇದ್ದೀರಿ. ಇನ್ನೊಂದು ತಿಂಗಳು ನೋಡೋಣ. ಆಗಲಿಲ್ಲ ಅಂದ್ರೆ ಡಾಕ್ಟರಮ್ಮನಿಗೆ ಹೇಳಿ ಸೂಜಿ ಹಾಕ್ಸಿಬಿಡಿ. ಅದಕ್ಕೂ ನೆಮ್ಮದಿ, ನಮಗೂ ನೆಮ್ಮದಿ."

ನಾನು ಕೂಗಾಡಿದೆ. "ನಿನಗೂ ಮಂಡಿ ನೋವಲ್ವಾ, ನಿನಗೂ ಒಂದು ಸೂಜಿ ಹಾಕ್ಸಲಾ?" ಅಂದೆ.

"ಹಾಕ್ಸಿ. ನಿಮ್ಮ ಜೊತೆ ಇಪ್ಪತ್ತೇಳು ವರ್ಷ ಬಾಳಿದ್ದಕ್ಕೆ ಅದೂ ಒಂದು ಬಹುಮಾನ" ಅಂದು ಅವಳು ಬಕೆಟ್ ಎತ್ತಿಕೊಂಡು ಹೋದಳು.

ಕೂಗಾಡಿ ಮುಗಿದ ಮೇಲೆ ತಿಳಿಯಿತು, ನನ್ನ ಕೂಗಿನಲ್ಲಿ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಅವಳು ಹೇಳಿದ ಮಾತನ್ನು ಹಿಂಬಾಗಿಲ ಹತ್ತಿರ ಕೂತು ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೆ.

ಮರುದಿನವೇ ಅವನನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಹೆಂಗಸು. ಮಾತೂ ಜೋರು, ಕೈಯೂ ಜೋರು. ಹೊರಗೆ ಬೆಕ್ಕು, ನಾಯಿ, ಗಿಳಿ ಎಲ್ಲ ಸಾಲಾಗಿ ಕೂತಿದ್ದವು.

"ಔಷಧಿ ಎಲ್ಲ ಮುಗೀತು" ಅಂದರು. "ಇನ್ನುಳಿದಿರೋದು ಊಟ ಬದಲಿಸೋದು. ಚೀಲದಲ್ಲಿ ಬರೋ ಆ ಒಣ ಕಾಳು ನಿಲ್ಲಿಸಿ. ಹಸಿ ಮಾಂಸ ಹಾಕಿ ನೋಡೋಣ. ಎಲ್ಲಾ ನಾಯಿಗೂ ಆಗಲ್ಲ, ಎಲ್ಲಾ ಡಾಕ್ಟರೂ ಒಪ್ಪಲ್ಲ. ಆದ್ರೆ ನಿಮ್ಮ ಮೇಸ್ತ್ರಿಗೆ ಕಳಕೊಳ್ಳೋಕೆ ಇನ್ನೇನು ಉಳಿದಿದೆ?"

"ಬೇಯಿಸದೇನೇ?"

"ಬೇಯಿಸದೇನೇ. ದಿನಕ್ಕೆ ಒಂದೇ ಹೊತ್ತು, ಮಧ್ಯಾಹ್ನ. ಮೊದಮೊದಲು ಮೂಸಿ ನೋಡಿ ಹೋಗುತ್ತೆ. ಹೋಗಲಿ. ಕಾಲು ಗಂಟೆಗೆ ತಟ್ಟೆ ಎತ್ತಿಬಿಡಿ. ಹೊಟ್ಟೆ ಹಸಿಯದೆ ಹೊಸ ಊಟ ಯಾವ ನಾಯೀನೂ ಒಪ್ಪಲ್ಲ."

ಎರಡು ವಾರ ಎಲುಬು ಬೇಡ, ಆಮೇಲೆ ಕೋಳಿ ಕತ್ತು ಕೊಡಿ, ವಾರಕ್ಕೊಂದು ದಿನ ಹೊಟ್ಟೆ ಖಾಲಿ ಬಿಡಿ ಅಂತ ಇನ್ನೂ ಏನೇನೋ ಹೇಳಿದರು. "ಡಾಕ್ಟರಮ್ಮಾ, ಇಷ್ಟೆಲ್ಲ ನನ್ನ ತಲೇಲಿ ನಿಲ್ಲಲ್ಲ, ಬರೆದುಕೊಡಿ" ಅಂದೆ. ನಿಂತಲ್ಲೇ ಒಂದು ಚೀಟಿಯ ಬೆನ್ನಿಗೆ ಗೀಚಿಕೊಟ್ಟರು. ನಾಲ್ಕೇ ಸಾಲು:

ಒಣ ಕಾಳು ಪೂರ್ತಿ ನಿಲ್ಲಿಸಿ.
ಎರಡು ವಾರ ಎಲುಬಿಲ್ಲದ ಮಾಂಸ, ಆಮೇಲೆ ಕೋಳಿ ಕತ್ತು.
ಒಂದೇ ಹೊತ್ತು. ವಾರಕ್ಕೊಂದು ದಿನ ಖಾಲಿ.
ಹಸಿಯದೆ ಕೊಡಬೇಡಿ.

ಅದನ್ನು ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಮಧ್ಯಾಹ್ನ ಮನೆಯಲ್ಲಿ ಇರುವವರು ಅತ್ತೆ ಒಬ್ಬರೇ. ಹೆಂಡತಿಯ ತಾಯಿ. ಎಪ್ಪತ್ತೆರಡು ವರ್ಷ. ದೊಡ್ಡ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿ ನಿವೃತ್ತಿಯಾದವರು. ಹೊತ್ತಿಗೆ ಮುನ್ನೂರು ತಟ್ಟೆ. ಈಗಲೂ ನೀರು ಕುದಿಯುವ ಸದ್ದು ಕೇಳಿಯೇ ಪಾತ್ರೆಯಲ್ಲಿ ಎಷ್ಟು ನೀರಿದೆ ಅಂತ ಹೇಳುತ್ತಾರೆ. ಆರು ವರ್ಷದಿಂದ ನಮ್ಮ ಜೊತೆ ಇದ್ದಾರೆ. ನಮ್ಮಿಬ್ಬರ ನಡುವೆ ಜಗಳವಿಲ್ಲ, ಮಾತೂ ಇಲ್ಲ. ಅಳಿಯ ಅಲ್ಲ, ಮಗಳ ಗಂಡ ಅಂತ ಗಾದೆಯನ್ನು ಜನ ತಮಾಷೆಗೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದು ತಮಾಷೆಯಲ್ಲ. ಅವರಿಗೆ ನಾನು ನಿಜವಾಗಿಯೂ ಮಗಳ ಗಂಡ ಅಷ್ಟೇ.

ಮೊದಲ ಎರಡು ದಿನ ನಾನೇ ಮಧ್ಯಾಹ್ನ ಮನೆಗೆ ಬಂದು ತಟ್ಟೆ ಇಟ್ಟೆ. ಮೇಸ್ತ್ರಿ ಮಾಂಸವನ್ನು ಮೂಸಿದ. ನನ್ನ ಮುಖ ನೋಡಿದ. ಒಲೆ ಹಚ್ಚುವುದನ್ನು ಮರೆತೆಯಾ ಅಂತ ಕೇಳುವ ಹಾಗಿತ್ತು. ಆಮೇಲೆ ತಿರುಗಿ ಹೋಗಿ ಬಾಗಿಲ ಹತ್ತಿರ ಬಿದ್ದುಕೊಂಡ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಬೇಯಿಸದ್ದು ಯಾವ ಜೀವಕ್ಕೂ ಊಟ ಅಲ್ಲ" ಅಂದರು.

"ಡಾಕ್ಟರು ಹೇಳಿದ್ದಾರೆ, ಅತ್ತೆ."

"ಏನಂತ ಹೇಳಿದ್ದಾರೆ?"

"ಫ್ರಿಜ್ ಮೇಲೆ ಚೀಟಿ ಇದೆ. ಓದ್ಕೊಳ್ಳಿ."

ನಾನು ಹೇಳಿದ್ದು ಅಷ್ಟೇ. ಕೂತು ಎರಡು ನಿಮಿಷ ಬಿಡಿಸಿ ಹೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಹೊಟ್ಟೆಗಿಲ್ಲದ ನಾಯಿಯನ್ನು ನೋಡಿ ಮೊದಲೇ ತಲೆ ಕೆಟ್ಟಿತ್ತು.

ಮೂರನೇ ದಿನ ದೊಡ್ಡ ಗೇಟೊಂದನ್ನು ಕೂರಿಸಲು ಹೋಗಬೇಕಾಯಿತು. "ಅತ್ತೆ, ಇನ್ನು ಮೇಲೆ ಮಧ್ಯಾಹ್ನ ಇವನ ತಟ್ಟೆ ನೀವೇ ನೋಡ್ಕೊಳ್ಳಿ. ಒಂದೊಂದು ದಿನಕ್ಕೆ ಒಂದೊಂದು ಪೊಟ್ಟಣ ಕಟ್ಟಿಟ್ಟಿದ್ದೀನಿ. ಚೀಟೀಲಿ ಇರೋ ಹಾಗೆ ಹಾಕಿ" ಅಂದು ಹೊರಟೆ. ಅವರು ತಲೆಯಾಡಿಸಿದರು.

ಸಂಜೆ ಬಂದವನೇ ಕೇಳಿದೆ, "ತಿಂದ್ನಾ?"

"ತಟ್ಟೆ ನೆಕ್ಕಿ ಕನ್ನಡಿ ಮಾಡಿಟ್ಟಿದೆ. ತೊಳೆಯೋ ಕೆಲಸಾನೇ ಇಲ್ಲ."

ಖುಷಿಗೆ ಕಣ್ಣಲ್ಲಿ ನೀರು ಬಂತು. ಯಾರಿಗೂ ಕಾಣದ ಹಾಗೆ ಬಚ್ಚಲಿಗೆ ಹೋಗಿ ಮುಖ ತೊಳೆದೆ. ಹಸಿವು ಅನ್ನುವುದು ಎಂಥ ಮೇಷ್ಟ್ರು, ಎರಡೇ ದಿನದಲ್ಲಿ ಪಾಠ ಕಲಿಸಿತು ಅಂದುಕೊಂಡೆ.

ಒಂಬತ್ತನೇ ದಿನ ಬೆಳಿಗ್ಗೆ ಪೇಪರು, ಫಿನಾಯಿಲು ಹಿಡಿದು ಹಿಂಬಾಗಿಲಿಗೆ ಹೋದರೆ ನೆಲ ಒಣಗಿತ್ತು. ಅವನು ಬೇಲಿಯ ಹತ್ತಿರ ಹೋಗಿ ಗಟ್ಟಿಯಾಗಿ, ಒಂದೇ ಕಡೆ, ಮರ್ಯಾದಸ್ಥನ ಹಾಗೆ ಮುಗಿಸಿ ಬಂದ. ನಾನು ಪೇಪರ್ ಹಿಡಿದುಕೊಂಡು ಸುಮ್ಮನೆ ನಿಂತೆ. ಎರಡು ವರ್ಷದಲ್ಲಿ ಮೊದಲ ಸಲ ಬೆಳಿಗ್ಗೆ ಆರೂವರೆಗೆ ನನಗೆ ಮಾಡಲು ಏನೂ ಕೆಲಸವಿರಲಿಲ್ಲ. ಎರಡು ವಾರಕ್ಕೆ ಬೆನ್ನ ಮೇಲೆ ಮೆತ್ತನೆಯ ಕಂದು ಕೂದಲು ಇಣುಕಿತು.

ನನ್ನ ಬಾಯಿ ಸುಮ್ಮನಿರುತ್ತದೆಯೇ? ಶೆಡ್ಡಿಗೆ ಬಂದವರಿಗೆಲ್ಲ ಭಾಷಣ ಶುರುಮಾಡಿದೆ. ನಾಯಿ ಅಂದರೆ ತೋಳದ ಜಾತಿ, ತೋಳ ಎಂದಾದರೂ ಒಲೆ ಹಚ್ಚಿತ್ತಾ, ಹಸಿಯದು ಹಾಕಿ ನೋಡಿ ಅಂತ ಗೇಟು ಕೇಳಲು ಬಂದವರಿಗೆ ಬುದ್ಧಿ ಹೇಳಿದೆ.

ಪೇಂಟರ್ ಬ್ರಷ್ ಎತ್ತದೆ ಕೇಳಿಸಿಕೊಂಡ. "ಹಸಿ ಮಾಂಸದ ರುಚಿ ಹತ್ತಿಸಿದ್ದೀಯ ಅನ್ನು. ಮೇಸ್ತ್ರಿ ಮತ್ತೆ ಶೆಡ್ಡಿಗೆ ಬಂದ್ರೆ ನಾನು ಬೂಟು ಹಾಕ್ಕೊಂಡೇ ಬರ್ತೀನಪ್ಪ" ಅಂದ.

"ನಿನ್ನ ಕಾಲಲ್ಲಿ ಮಾಂಸ ಎಲ್ಲಿದೆಯೋ? ಬರೀ ಬಣ್ಣ."

ಹೆಂಡತಿ ಮಾತ್ರ ಏನೂ ಹೇಳಲಿಲ್ಲ. ತಿಂಗಳು ಮುಗಿಯಲಿ ಅಂತ ಕಾಯುತ್ತಿದ್ದಾಳೆ ಅಂದುಕೊಂಡೆ. ನಾನೂ ಕಾಯುತ್ತಿದ್ದೆ. ಕ್ಯಾಲೆಂಡರಿನಲ್ಲಿ ದಿನ ಹೊಡೆಯುತ್ತಿದ್ದೆ.

ಮೂರನೇ ವಾರ ಕೋಳಿ ಕತ್ತು ತಂದು ಪೊಟ್ಟಣ ಕಟ್ಟಿಟ್ಟೆ. ಇಪ್ಪತ್ತನಾಲ್ಕನೇ ದಿನ ಬೆಳಿಗ್ಗೆ ಮೇಸ್ತ್ರಿ ಏಳಲಿಲ್ಲ. ಬೆನ್ನು ಬಿಲ್ಲಿನ ಹಾಗೆ ಬಗ್ಗಿತ್ತು. ಎಬ್ಬಿಸಿ ನಿಲ್ಲಿಸಿದರೆ ತಿಣುಕಿದ, ತಿಣುಕಿದ, ಎರಡು ಹನಿ ರಕ್ತ ಬಿತ್ತು. ಹೊಟ್ಟೆ ಮುಟ್ಟಿದರೆ ನನಗೇ ಗುರ್ ಅಂದ. ಹತ್ತು ವರ್ಷದಲ್ಲಿ ಅವನು ನನಗೆ ಗುರ್ ಅಂದದ್ದು ಅದೇ ಮೊದಲು. ಚಾದರದಲ್ಲಿ ಸುತ್ತಿ ವ್ಯಾನಿಗೆ ಹಾಕಿಕೊಂಡು ಹೋದೆ.

ಡಾಕ್ಟರಮ್ಮ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದರು. ಕರುಳಿನ ನಡುವೆ ಎರಡು ಬಿಳಿ ಗೀರು. ದರ್ಜಿಯ ಸೂಜಿಯಷ್ಟು ಚೂಪು.

"ಎಲುಬು ಬೇಯಿಸಿದ್ರಾ?"

"ಏನು ಮಾತಾಡ್ತೀರಿ! ನೀವು ಹೇಳಿದ ಹಾಗೆ ಹಸಿಯದೇ ಹಾಕಿರೋದು. ಹಾಕಿ ಅಂತ ಹೇಳಿದವರೂ ನೀವೇ, ಈಗ ಕೇಳೋರೂ ನೀವೇ!" ನನ್ನ ಗಂಟಲಿಗೆ ಹೊರಗೆ ಯಾರೋ ತಂದಿದ್ದ ಗಿಳಿಯೂ ಬೆದರಿ ಕಿರುಚಿತು.

ಅವರು ಹಾಳೆ ಕೆಳಗಿಟ್ಟರು. "ಕೂಗಿ ಆಯ್ತಾ? ಕೇಳಿ. ಹಸಿ ಎಲುಬು ಮೆತ್ತಗಿರುತ್ತೆ, ನಾಯಿ ಅಗಿದ್ರೆ ಪುಡಿಯಾಗುತ್ತೆ. ಬೆಂದದ್ದು ಹೀಗೆ ಸಿಬಿರು ಸಿಬಿರಾಗಿ ಸೀಳುತ್ತೆ. ಇದು ಬೆಂದ ಎಲುಬು. ಮನೇಲಿ ಕೇಳಿ."

ಸಿಬಿರು ಹೊಟ್ಟೆ ದಾಟಿ ಕರುಳಿಗೆ ಬಂದಿದೆ, ಮೂರು ದಿನ ಕಾಯೋಣ, ಬೇಯಿಸಿದ ಕುಂಬಳಕಾಯಿ ಅರೆದು ತಿನ್ನಿಸಿ, ತಾನಾಗಿ ಹೊರಗೆ ಬಂದರೆ ಬಂತು ಅಂದರು. ಬರದಿದ್ದರೆ ಕೊಯ್ಯಬೇಕು. "ಕೊಯ್ದರೆ ಎದ್ದೇಳ್ತಾನಾ?" ಅಂತ ಕೇಳಿದೆ. ಡಾಕ್ಟರಮ್ಮ ಅವನ ಹಲ್ಲು ನೋಡಿದರು, ವಯಸ್ಸು ಕೇಳಿದರು.

ಮನೆಗೆ ಬಂದು ಅವನನ್ನು ಮಲಗಿಸಿ ನೇರ ಅಡುಗೆಮನೆಗೆ ಹೋದೆ. ಅತ್ತೆ ತರಕಾರಿ ಹೆಚ್ಚುತ್ತಿದ್ದರು. ಹೆಂಡತಿ ರಜೆ ಹೇಳಿ ಮನೆಯಲ್ಲೇ ಇದ್ದಳು.

"ಅತ್ತೆ, ನಾಯಿಗೆ ಕತ್ತು ಬೇಯಿಸಿ ಹಾಕಿದ್ರಾ?"

"ಹೂಂ. ಮತ್ತೆ? ಎಲುಬು ಮೆತ್ತಗಾಗಲಿ ಅಂತ ಒಂದು ಗಳಿಗೆ ಜಾಸ್ತೀನೇ ಬೇಯಿಸಿದೆ."

ಆಮೇಲೆ ನಾನು ಆಡಿದ ಮಾತು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. "ಮೂವತ್ತೊಂದು ವರ್ಷ ಆಸ್ಪತ್ರೇಲಿ ಇದೇ ಕೆಲಸ ಮಾಡಿದ್ರಾ? ಎಷ್ಟು ರೋಗಿಗಳನ್ನ ಹೀಗೆ ಸಾಗಹಾಕಿದ್ರಿ?" ಅಂದೆ.

ಹೆಂಡತಿ "ರೀ!" ಅಂದಳು. ಅತ್ತೆಯ ಚಾಕು ನಿಂತಿತು. ಅವರು ಎದ್ದು, ಕೈ ತೊಳೆದು, ಫ್ರಿಜ್ಜಿನ ಬಾಗಿಲಿನಿಂದ ಚೀಟಿ ಕಿತ್ತು ತಂದು ನನ್ನ ಮುಂದೆ ಹಿಡಿದರು.

"ಓದಿ. ಕೊನೇ ಸಾಲು. ಗಟ್ಟಿಯಾಗಿ ಓದಿ."

"ಹಸಿಯದೆ ಕೊಡಬೇಡಿ."

"ಮತ್ತೆ ನಾನು ಮಾಡಿದ್ದೇನು? ಹಸಿಯದೇ ಕೊಡಬೇಡಿ. ಹಸಿಯದನ್ನ ಕೊಡಬೇಡಿ ಅಂತ ಡಾಕ್ಟರೇ ಬರೆದಿದ್ದಾರೆ."

"ಹೊಟ್ಟೆ ಹಸಿಯದೆ ಕೊಡಬೇಡಿ ಅಂತ ಅತ್ತೆ ಅದು! ಹಸಿವಾಗೋವರೆಗೂ ಕೊಡಬೇಡಿ ಅಂತ!"

"ಹೊಟ್ಟೆ ಅಂತ ಎಲ್ಲಿದೆ? ತೋರಿಸಿ."

ಇರಲಿಲ್ಲ. ಹೊಟ್ಟೆಯೂ ಇರಲಿಲ್ಲ, ಮಾಂಸ ಬೇಯಿಸಬೇಡಿ ಅನ್ನುವ ಮಾತೂ ನಾಲ್ಕು ಸಾಲಿನಲ್ಲಿ ಎಲ್ಲೂ ಇರಲಿಲ್ಲ. ಡಾಕ್ಟರಮ್ಮ ಅದನ್ನು ಬಾಯಲ್ಲಿ ಹೇಳಿದ್ದರು, ನಾನು ಕಿವಿಯಲ್ಲಿ ಇಟ್ಟುಕೊಂಡು ಬಂದಿದ್ದೆ. ಚೀಟಿಯನ್ನು ಕಿಟಕಿಯ ಹತ್ತಿರ ಒಯ್ದು ನೋಡಿದೆ. ಆ 'ದೆ' ಅಕ್ಷರದ ಕೊನೆಗೆ ಅವಸರದ ಪೆನ್ನು ಒಂದು ಬಾಲ ಎಳೆದಿತ್ತು. ದೀರ್ಘ ಅಂದರೆ ದೀರ್ಘ, ಅಲ್ಲ ಅಂದರೆ ಅಲ್ಲ. ನಮ್ಮ ಹಳ್ಳಿ ಶಾಲೆಯ ಮೇಷ್ಟ್ರು ದೀರ್ಘ ತಪ್ಪಿದರೆ ಬೆರಳ ಗೆಣ್ಣಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದರು. ಇದೆಲ್ಲ ಜೀವಕ್ಕೆ ಬರುವ ವಿಷಯ ಅಂತ ಆಗ ಯಾರಿಗೆ ಗೊತ್ತಿತ್ತು?

"ನೀವು ಎರಡು ದಿನ ಹಸಿಯದು ಹಾಕಿದ್ರಿ, ಅದು ಬಾಯಿ ಹಾಕಲೂ ಇಲ್ಲ" ಅಂದರು ಅತ್ತೆ. ದನಿ ಸಣ್ಣಗಿತ್ತು. "ಓದ್ಕೊಳ್ಳಿ ಅಂದ್ರಿ, ಓದಿದೆ. ಅಳಿಯಂದಿರು ತಪ್ಪು ಓದಿದ್ದಾರೆ ಅಂತ ಅನ್ನಿಸ್ತು. ಹೇಳೋಣ ಅಂದ್ರೆ ನೀವು ಸೂರು ಹಾರಿಹೋಗೋ ಹಾಗೆ ಕೂಗ್ತೀರಿ. ನಾಯಿ ಉಂಡ್ರೆ ಸಾಕು ಅಂತ ಸುಮ್ನೆ ಬೇಯಿಸಿ ಹಾಕ್ದೆ. ಉಪ್ಪಿಲ್ಲ, ಖಾರ ಇಲ್ಲ, ಎಣ್ಣೆ ಇಲ್ಲ. ರೋಗಿಗಳಿಗೆ ಮಾಡ್ತಿದ್ದ ಹಾಗೆ."

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟೆ. ಅರ್ಧ ಹೆಚ್ಚಿದ ತರಕಾರಿಯನ್ನು ಹೆಂಡತಿ ಕೂತು ಹೆಚ್ಚಿ ಮುಗಿಸಿದಳು.

ಶೆಡ್ಡಿಗೆ ಬೀಗ ಹಾಕಿಸಿದೆ. ಮೂರು ದಿನ ನನ್ನ ಕೆಲಸ ಇಷ್ಟೇ. ಕುಂಬಳಕಾಯಿ ತಿನ್ನಿಸುವುದು, ಹೊರಗೆ ನಡೆಸುವುದು, ಬಿದ್ದದ್ದನ್ನು ತಂತಿಯಲ್ಲಿ ಕೆದಕಿ ನೋಡುವುದು. ಕುಂಬಳಕಾಯಿಯನ್ನು ನಾನು ಬೇಯಿಸಲಿಲ್ಲ. ಹೊತ್ತಿಗೆ ಸರಿಯಾಗಿ ಅರೆದು ಬಟ್ಟಲಲ್ಲಿ ಕಟ್ಟೆಯ ಮೇಲೆ ಇಟ್ಟಿರುತ್ತಿತ್ತು. ಅತ್ತೆ ಕಣ್ಣಿಗೆ ಬೀಳುತ್ತಿರಲಿಲ್ಲ. ಮೊದಲ ದಿನ ಏನೂ ಬರಲಿಲ್ಲ. ಎರಡನೇ ದಿನ ಮಧ್ಯಾಹ್ನ ಒಂದು ಸಿಬಿರು ಸಿಕ್ಕಿತು. ನಲ್ಲಿಯಲ್ಲಿ ತೊಳೆದು, ಹೋಗಿ ಕೋಣೆಯ ಬಾಗಿಲಿಗೆ ಹೇಳಿದೆ, "ಅತ್ತೆ, ಒಂದು ಬಂತು."

ಒಳಗಿನಿಂದ ದನಿ ಬಂತು, "ಎರಡಲ್ವಾ ಇದ್ದದ್ದು?"

"ಇನ್ನೊಂದು ಬರಬೇಕು."

ಮೂರನೇ ದಿನ ಬೆಳಿಗ್ಗೆ ಅವನು ನೀರೂ ಮುಟ್ಟಲಿಲ್ಲ. ಕೊಯ್ಯುವುದಕ್ಕೆ ಡಾಕ್ಟರಮ್ಮನಿಗೆ ಹೇಳಿಬಿಡೋಣ ಅಂತ ಫೋನ್ ಕೈಗೆತ್ತಿಕೊಂಡಿದ್ದೆ. ಅವನು ತಾನಾಗಿ ಎದ್ದ. ಬೇಲಿಯವರೆಗೆ ತೂರಾಡುತ್ತ ಹೋದ. ಕಾಲು ನಡುಗುತ್ತಿತ್ತು. ಒಂದು ಸಲ ಕಿರುಚಿದ. ನಾನು ಮಣ್ಣಿನಲ್ಲಿ ಮಂಡಿಯೂರಿ ತಂತಿ ಬಿಟ್ಟು ಬೆರಳಲ್ಲೇ ಹುಡುಕಿದೆ. ಸಿಕ್ಕಿತು. ಇದು ಮೊದಲಿನದಕ್ಕಿಂತ ಉದ್ದವಿತ್ತು.

ಫೋನಿನಲ್ಲಿ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ, ಚೀಟಿಯ ಕಥೆಯನ್ನೂ. ಅವರು ಮೊದಲು ನಕ್ಕರು, ಆಮೇಲೆ "ತಪ್ಪು ನನ್ನದೂ ಇದೆ" ಅಂದರು. "ಹಾಗಾದ್ರೆ ಹೊಟ್ಟೆ ಸರಿಹೋಗಿದ್ದು, ಕೂದಲು ಬಂದಿದ್ದು ಎಲ್ಲ ಬೇಯಿಸಿದ್ದರಲ್ಲೇ?"

"ಅವನು ಹಸಿಯದು ಒಂದು ತುಣುಕೂ ತಿಂದಿಲ್ಲ ಡಾಕ್ಟರಮ್ಮಾ."

"ಒಗ್ಗಿದ್ದನ್ನ ಯಾಕೆ ಬಿಡಿಸೋಣ? ಅದನ್ನೇ ಮುಂದುವರಿಸಿ. ಎಲುಬು ಮಾತ್ರ ಬೇಡ, ಜನ್ಮದಲ್ಲಿ ಬೇಡ. ಬರೆದುಕೊಡ್ಲಾ?"

"ಬೇಡಮ್ಮ" ಅಂದೆ.

ಸಂಜೆ ಹೆಂಡತಿಗೆ ನಾನೇ ನೆನಪಿಸಿದೆ. "ಇನ್ನು ಮೂರು ದಿನಕ್ಕೆ ತಿಂಗಳು ಮುಗಿಯುತ್ತೆ."

"ಯಾವ ತಿಂಗಳು?"

"ಸೂಜಿ ಅಂದಿದ್ದೆಯಲ್ಲ."

ಅವಳು ನನ್ನ ಮುಖ ನೋಡಿದಳು. "ಎರಡು ವಾರದ ಮೇಲಾಯ್ತು ನಾನು ಚಾದರ ಒಗೆದು. ಅವತ್ತೇ ನಾನು ಮರೆತಾಯ್ತು. ನೀವು ಇಷ್ಟು ದಿನ ಎಣಿಸ್ತಾ ಕೂತಿದ್ರಾ?" ಆಮೇಲೆ ದನಿ ಇಳಿಸಿದಳು. "ನಾಯಿ ಉಳೀತು, ಸರಿ. ಅಮ್ಮನ ಹತ್ತಿರ ಹೋಗಿ ಮಾತಾಡಿ. ಮೂರು ದಿನದಿಂದ ಊಟದ ಮುಂದೆ ಕೂತು ಎದ್ದು ಬರ್ತಿದ್ದಾಳೆ."

ಹೋದೆ. ಅತ್ತೆ ಮಂಚದ ಮೇಲೆ ಕೂತಿದ್ದರು. ಕ್ಷಮಾಪಣೆ ಕೇಳುವುದು ನನಗೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಯಾರೂ ಕೇಳಿದ್ದನ್ನು ನಾನು ನೋಡಿಲ್ಲ. "ಅವತ್ತು ಆಡಿದ ಮಾತು ಮಾತಲ್ಲ, ಅತ್ತೆ. ಹೊಲಸು. ಅವನು ಬದುಕಿರೋದೇ ನಿಮ್ಮ ಅಡುಗೆಯಿಂದ. ಮುಂದಕ್ಕೂ ನೀವೇ ಬೇಯಿಸಿ ಹಾಕ್ಬೇಕು" ಅಂದೆ.

ಅವರು ಸೆರಗಿನ ಅಂಚು ಮಡಿಸಿದರು, ಬಿಡಿಸಿದರು. "ನಿಮ್ಮ ಮಾತು ಹೋಗಲಿ. ನೀವು ಯಾವತ್ತೂ ಹಾಗೇ. ಆದ್ರೆ ಸಿಬಿರು ಹೋಗಿದ್ದು ನನ್ನ ಕೈಯಿಂದಲೇ ತಾನೇ? ಮೂವತ್ತೊಂದು ವರ್ಷದಲ್ಲಿ ಹಾಗಾಗಿರಲಿಲ್ಲ. ಇನ್ನು ಆ ಪಾತ್ರೆ ನಾನು ಒಲೆಗೆ ಇಡಲ್ಲ. ನೀವೇ ಇಡಿ."

ಒತ್ತಾಯ ಮಾಡಲಿಲ್ಲ. ಮಾಡುವ ಬಾಯಿ ನನಗಿರಲಿಲ್ಲ.

ಈಗ ಬೆಳಿಗ್ಗೆ ಎದ್ದು ಮೊದಲು ಒಲೆ ಹಚ್ಚುತ್ತೇನೆ. ಎಲುಬಿಲ್ಲದ ಮಾಂಸವನ್ನೇ ಕೇಳಿ ತರುತ್ತೇನೆ, ಮತ್ತೊಮ್ಮೆ ಬಿಡಿಸಿ ನೋಡಿ ಪಾತ್ರೆಗೆ ಹಾಕುತ್ತೇನೆ, ಬೇಯುವವರೆಗೆ ಕಟ್ಟೆಗೆ ಒರಗಿ ನಿಂತಲ್ಲೇ ತೂಕಡಿಸುತ್ತೇನೆ. ಮೊಣಕಾಲಿಗೆ ವ್ಯತ್ಯಾಸವೇನೂ ಗೊತ್ತಾಗಿಲ್ಲ. ಮೊನ್ನೆ ಮಧ್ಯಾಹ್ನ ಒಂದು ಅಳತೆಪಟ್ಟಿ ಮರೆತು ಮನೆಗೆ ವಾಪಸ್ಸು ಬಂದೆ. ಅತ್ತೆ ಅಡುಗೆಮನೆಯಲ್ಲಿ ಕನ್ನಡಕ ಹಾಕಿಕೊಂಡು ಕೂತಿದ್ದರು. ಮುಂದೆ ಅಗಲದ ತಟ್ಟೆ, ಅದರಲ್ಲಿ ನಾನು ಬೇಯಿಸಿಟ್ಟ ಮಾಂಸ. ಒಂದೊಂದೇ ತುಣುಕು ಎತ್ತಿ, ಎರಡು ಬೆರಳ ನಡುವೆ ಹಿಸುಕಿ, ಎಳೆ ಎಳೆ ಬಿಡಿಸಿ ನೋಡಿ, ಬಟ್ಟಲಿಗೆ ಹಾಕುತ್ತಿದ್ದರು. ದಿನವೂ ಹೀಗೇ ಮಾಡುತ್ತಾರೆ ಅನ್ನುವುದು ಆ ಕೈ ನೋಡಿದರೇ ತಿಳಿಯುತ್ತಿತ್ತು. ಮೇಸ್ತ್ರಿ ಅವರ ಕಾಲ ಹತ್ತಿರ ಕೂತು, ಜೊಲ್ಲು ಸುರಿಸಿಕೊಂಡು, ಪ್ರತಿ ತುಣುಕಿನ ಜೊತೆಗೂ ತಲೆ ಮೇಲೆ ಕೆಳಗೆ ಆಡಿಸುತ್ತಿದ್ದ.

ಅದರಲ್ಲಿ ಎಲುಬಿಲ್ಲ ಅತ್ತೆ, ನಾನು ನೋಡಿದ್ದೀನಿ ಅನ್ನಲು ಬಾಯಿ ತೆರೆದೆ. ಮುಚ್ಚಿಕೊಂಡೆ. ಕೈ ತೊಳೆದುಕೊಂ‍ಡು ಬಂದು, ಎದುರಿಗೆ ಕೂತು, ತಟ್ಟೆಯ ಈ ಕಡೆಯಿಂದ ಒಂದು ತುಣುಕು ಎತ್ತಿಕೊಂಡೆ.

"ಸಣ್ಣದಾಗಿ ಬಿಡಿಸಿ" ಅಂದರು ಅತ್ತೆ.